ಅತ್ತೆಯ ಜೊತೆ ಎರಡು ನಗರಗಳ ಊಟ

"ಹೈದರಾಬಾದಿನ ಬಿರಿಯಾನಿ ಚೆನ್ನಾಗಿತ್ತೋ, ಬೆಂಗಳೂರಿನದೋ?"

ಕಳೆದ ವರ್ಷ ಎರಡೂ ನಗರಗಳಿಗೆ ಹೋಗಿ ಬಂದ ಮೇಲೆ ಇಬ್ರಾಹಿಂಪುರದ ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಚಾರ್‌ಮಿನಾರ್ ಎಷ್ಟು ಎತ್ತರ, ಲಾಲ್‌ಬಾಗ್ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಗೋಲಗುಂಬಜ್ ಇರುವ ಊರಿನವರಿಗೆ ಕಟ್ಟಡಗಳ ಕುತೂಹಲ ಕಡಿಮೆ ಇರಬಹುದು. ಆದರೆ ಅಡುಗೆಯ ಕುತೂಹಲ ನಮ್ಮಲ್ಲಿ ಯಾರಿಗೂ ಕಡಿಮೆಯಿಲ್ಲ. ಆಗ ನಾನು ಅವರಿಗೆ ರುಚಿಯ ಬಗ್ಗೆ ಮಾತ್ರ ಹೇಳಿದೆ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆಗೆ ಈಗ ಅರವತ್ತೈದು ದಾಟಿದೆ. ಅಲ್ಲಿಯವರೆಗೆ ಅವರು ಒಮ್ಮೆಯೂ ಹೋಟೆಲಿನಲ್ಲಿ ಕೂತು ಊಟ ಮಾಡಿದವರಲ್ಲ. ವಿಜಯಪುರದಲ್ಲಿ ಹೋಟೆಲುಗಳಿಲ್ಲವೆಂದಲ್ಲ. ಜೋಳದ ರೊಟ್ಟಿಯ ಖಾನಾವಳಿಗಳಿವೆ, ಬಿರಿಯಾನಿ ಹೋಟೆಲುಗಳಿವೆ. ಆದರೆ ಅಲ್ಲಿಗೆ ಗಂಡಸರು ಹೋಗುತ್ತಾರೆ, ಹೆಂಗಸರಿಗೆ ಪಾರ್ಸೆಲ್ ಬರುತ್ತದೆ. "ಮನ್ಯಾಗ ಒಲಿ ಇರೂತನಕ ಹೊರಗ ಯಾಕ ತಿನ್ನಬೇಕು?" ಎನ್ನುವುದು ಅತ್ತೆಯ ಮಾತು. ಮನೆಯಲ್ಲಿಯೂ ಅವರ ಊಟ ಎಲ್ಲರದಾದ ಮೇಲೆ. ಜೋಳದ ರೊಟ್ಟಿಯ ಸ್ವಭಾವವೇ ಅಂಥದ್ದು. ಬಿಸಿಯಾಗಿ ತಿನ್ನಬೇಕೆಂದರೆ ಒಬ್ಬರು ಒಲೆಯ ಮುಂದೆ ಕೂತು ಒಂದೊಂದೇ ಬಡಿದು ಬೇಯಿಸುತ್ತಿರಬೇಕು. ಮೊದಲು ಗಂಡಸರು, ಆಮೇಲೆ ಮಕ್ಕಳು. ಬಡಿಯುವವರ ಸರದಿ ಬರುವಾಗ ಒಲೆಯೂ ಆರಿರುತ್ತದೆ, ಪಲ್ಯವೂ ಆರಿರುತ್ತದೆ. ಮದುವೆಯಾಗಿ ಬಂದ ಹದಿನಾರು ವರ್ಷಗಳಲ್ಲಿ ಅತ್ತೆ ಬಿಸಿ ರೊಟ್ಟಿ ತಿಂದದ್ದನ್ನು ನಾನು ನೋಡಿರಲಿಲ್ಲ. ನೋಡಿರಲಿಲ್ಲ ಎಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಹೈದರಾಬಾದ್: ಬುತ್ತಿ ಮುಗಿದ ಮೂರನೆಯ ದಿನ

ಅತ್ತೆಯ ಕಣ್ಣಿನ ಚಿಕಿತ್ಸೆಗೆಂದು ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೊರಟೆವು. ಯಜಮಾನರು, ನಾನು, ಅತ್ತೆ, ಇಬ್ಬರು ಮಕ್ಕಳು. ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುವ ಬಸ್ಸಿನ ದಾರಿ. ಅತ್ತೆ ಬಿಳಿ ಬಟ್ಟೆಯಲ್ಲಿ ಕಡಕ್ ರೊಟ್ಟಿ ಕಟ್ಟಿಕೊಂಡಿದ್ದರು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ. ಎರಡು ದಿನ ಲಾಡ್ಜಿನ ಕೋಣೆಯಲ್ಲಿ ಅದೇ ನಮ್ಮ ಊಟವಾಯಿತು. ಮೂರನೆಯ ದಿನ ಬುತ್ತಿ ಮುಗಿಯಿತು. ಅದೇ ದಿನ ಡಾಕ್ಟರರೂ ಕಣ್ಣಿಗೆ ಭಯವಿಲ್ಲ ಎಂದರು, ಅಲ್‌ಹಮ್ದುಲಿಲ್ಲಾಹ್. ಅತ್ತೆಗೆ ಇನ್ನು ಬೇಡವೆನ್ನಲು ಕಾರಣವೇ ಉಳಿಯಲಿಲ್ಲ.

ಹೈದರಾಬಾದಿನಲ್ಲಿ ಊಟದ ಬಗ್ಗೆ ಯಾರನ್ನಾದರೂ ಕೇಳಿ ನೋಡಿ, ಜಗಳ ಶುರುವಾಗುತ್ತದೆ. ಆಟೋದವನು ಒಂದು ಹೋಟೆಲಿನ ಹೆಸರು ಹೇಳಿದರೆ ಲಾಡ್ಜಿನವನು ಇನ್ನೊಂದು ಹೇಳುತ್ತಾನೆ. ಸಿಕಂದರಾಬಾದಿನ ಪ್ಯಾರಡೈಸ್ 1953ರಲ್ಲಿ ಅದೇ ಹೆಸರಿನ ಸಿನಿಮಾ ಥಿಯೇಟರಿನ ಪಕ್ಕ ಸಣ್ಣ ಕ್ಯಾಂಟೀನಾಗಿ ಆರಂಭವಾದದ್ದು, ಇಂದು ಅದರ ಹೆಸರಿನಿಂದಲೇ ಆ ವೃತ್ತವನ್ನು ಗುರುತಿಸುತ್ತಾರೆ. ಹಳೆಯ ನಗರದವರು ಮಾತ್ರ ನಿಜವಾದ ಬಿರಿಯಾನಿ ಮೂಸಿ ನದಿಯ ಈಚೆಗೇ ಇರುವುದು ಎನ್ನುತ್ತಾರೆ. ಆಹಾರ ಸಂಸ್ಕೃತಿಗಾಗಿ 2019ರಲ್ಲಿ ಯುನೆಸ್ಕೋ ಈ ನಗರವನ್ನು ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಹಲೀಮ್‌ಗೆ 2010ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು. ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಮರದ ಕೋಲಿನಿಂದ ಕುಟ್ಟಿ ಕುಟ್ಟಿ ಒಂದಾಗಿಸುವ ಹಲೀಮ್‌ನ ದೊಡ್ಡ ಭಟ್ಟಿಗಳು ಬೀದಿಗೆ ಬರುವುದು ರಂಝಾನಿನಲ್ಲಿ. ನಾವು ಹೋದದ್ದು ಆ ತಿಂಗಳಲ್ಲವಾದ್ದರಿಂದ ಆ ನೋಟ ನಮಗೆ ತಪ್ಪಿತು.

ಚಾರ್‌ಮಿನಾರ್ ನೋಡಿಕೊಂಡು ಹತ್ತಿರದ ಒಂದು ಹೋಟೆಲಿಗೆ ಹೋದೆವು. ಕೆಳಗೆ ಗಂಡಸರ ಗದ್ದಲ, ಮೇಲೆ ಫ್ಯಾಮಿಲಿ ಸೆಕ್ಷನ್. ಅತ್ತೆ ಬುರ್ಖಾದ ಸೆರಗು ಸರಿಪಡಿಸಿಕೊಂಡು ಗೋಡೆಯ ಮೂಲೆಯ ಕುರ್ಚಿ ಹಿಡಿದರು. ಸುತ್ತಲೂ ನಮ್ಮಂಥದೇ ಸಂಸಾರಗಳು. ಕಿವಿಗೆ ಬೀಳುತ್ತಿದ್ದದ್ದು ದಖ್ಖನಿ ಉರ್ದು, ನಮ್ಮ ಮನೆಯ ಮಾತೇ, ಸ್ವಲ್ಪ ರಾಗ ಬೇರೆ. ಅತ್ತೆಯ ಮುಖ ಸಡಿಲವಾಯಿತು.

ಹೈದರಾಬಾದಿನ ಬಿರಿಯಾನಿಯನ್ನು ಕಚ್ಚಿ ಬಿರಿಯಾನಿ ಎನ್ನುತ್ತಾರೆ. ಮಸಾಲೆ ಮತ್ತು ಮೊಸರಿನಲ್ಲಿ ನೆನೆಸಿಟ್ಟ ಹಸಿ ಮಾಂಸವನ್ನು ಪಾತ್ರೆಯ ತಳಕ್ಕೆ ಹಾಕಿ, ಅದರ ಮೇಲೆ ಅರ್ಧ ಬೆಂದ ಬಾಸ್ಮತಿ ಅಕ್ಕಿ ಹರಡಿ, ಮುಚ್ಚಳದ ಅಂಚಿಗೆ ಕಣಕ ಮೆತ್ತಿ ದಮ್ ಕೊಡುತ್ತಾರೆ. ಮಾಂಸ ಬೇಯುವ ಹೊತ್ತಿಗೆ ಸರಿಯಾಗಿ ಅಕ್ಕಿಯೂ ಬೇಯಬೇಕು. ಒಂದು ಹೆಚ್ಚು ಒಂದು ಕಡಿಮೆಯಾದರೆ ಕೆಟ್ಟಿತು. ಮುಚ್ಚಳ ತೆಗೆದು ನೋಡುವಂತೆಯೂ ಇಲ್ಲ. ಅತ್ತೆ ಅನ್ನದ ಒಂದು ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ ತಲೆದೂಗಿದರು. ಪರೀಕ್ಷೆಯಲ್ಲಿ ಹೋಟೆಲು ಪಾಸಾಯಿತು.

ಜೊತೆಗೆ ಬಂದ ಮಿರ್ಚಿ ಕಾ ಸಾಲನ್ ಅವರಿಗೆ ಇನ್ನೂ ಹಿಡಿಸಿತು. ಒಂದು ಚಮಚ ಬಾಯಿಗಿಟ್ಟು, "ಇದರಾಗ ಶೇಂಗಾ, ಎಳ್ಳು, ಕೊಬ್ಬರಿ, ಹುಣಸಿ ಅದ. ಇದು ನಮ್ಮ ಎಣ್ಣಿಗಾಯಿನ. ಬದನಿಕಾಯಿ ಬದಲಿ ಮೆಣಸಿನಕಾಯಿ ಹಾಕ್ಯಾರ" ಎಂದರು. ನಿಜವೇ ಆಗಿತ್ತು. ಬದನೆಯದೇ ಬೇಕೆನ್ನುವವರಿಗೆ ಅಲ್ಲಿ ಬಘಾರೆ ಬೈಂಗನ್ ಇದೆ. ವಿಜಯಪುರದ ಆದಿಲ್‌ಶಾಹಿಗಳಿಗೂ ಗೋಲ್ಕೊಂಡದ ಕುತುಬ್‌ಶಾಹಿಗಳಿಗೂ ಹಳೆಯ ಬೀಗತನ. ಗೋಲಗುಂಬಜಿನಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಪತ್ನಿ ಖದೀಜಾ ಸುಲ್ತಾನಾ ಗೋಲ್ಕೊಂಡದ ಮಗಳು. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ, ಎರಡೂ ಔರಂಗಜೇಬನ ವಶವಾದವು. ರಾಜ್ಯಗಳು ಹೋದವು. ಆದರೆ ಸೊಸೆಯಾಗಿ ಬಂದವಳು ತವರಿನ ರುಚಿಯನ್ನು ಮರೆಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ.

ಇಷ್ಟೆಲ್ಲ ಆಗುವುದಕ್ಕೂ ಮೊದಲು ನಡೆದ ಒಂದು ಸಣ್ಣ ವಿಷಯ ಹೇಳಬೇಕು. ಬಿರಿಯಾನಿಯ ದೊಡ್ಡ ತಟ್ಟೆ ಮೇಜಿಗೆ ಬಂದ ಕೂಡಲೇ ಅತ್ತೆಯ ಕೈ ತಾನಾಗಿಯೇ ಚಮಚಕ್ಕೆ ಹೋಯಿತು. ಮಗನಿಗೆ ಎರಡು ತುಂಡು, ಮೊಮ್ಮಗನಿಗೆ ಎರಡು, ಮೊಮ್ಮಗಳಿಗೆ ಒಂದು, ನನಗೆ ಒಂದು. ತಮ್ಮ ತಟ್ಟೆಗೆ ಮಸಾಲೆ ಹತ್ತಿದ ಅನ್ನ. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಮನೆಯಲ್ಲಿ ದಿನವೂ ಹಾಗೆಯೇ ತಾನೇ? ಪಕ್ಕದಲ್ಲಿ ನೀರು ಇಡುತ್ತಿದ್ದ ಹೋಟೆಲಿನ ಹುಡುಗ ಅದನ್ನು ನೋಡಿದ. "ಅಮ್ಮಾ, ಆಪ್ ಬೈಠೋ, ಹಮ್ ಡಾಲ್‌ತೇ" ಎಂದು ಅವರ ಕೈಯಿಂದ ಚಮಚ ತೆಗೆದುಕೊಂಡು, ಅನ್ನದ ಅಡಿಯಿಂದ ಒಂದು ಒಳ್ಳೆಯ ತುಂಡು ಹುಡುಕಿ ಅವರ ತಟ್ಟೆಗೆ ಹಾಕಿದ.

ಅವನಿಗೆ ಅದು ದಿನದ ಕೆಲಸ. ಅತ್ತೆ ಮಾತ್ರ ಒಂದು ಕ್ಷಣ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಆಮೇಲೆ ಬಿಸ್ಮಿಲ್ಲಾಹ್ ಹೇಳಿ ಉಣ್ಣತೊಡಗಿದರು. ನಾವೆಲ್ಲ ಒಟ್ಟಿಗೆ ಉಣ್ಣುತ್ತಿದ್ದೆವು. ಅನ್ನದಿಂದ ಹಬೆ ಏಳುತ್ತಿತ್ತು. ಯಜಮಾನರು ತಟ್ಟೆ ನೋಡುತ್ತಾ ಸುಮ್ಮನಾದರು. ಹೊರಗೆ ಬಂದು ಇರಾನಿ ಚಹಾ ಕುಡಿಯುವಾಗ ಮೆಲ್ಲನೆ, "ಅಮ್ಮ ಮನೆಯಲ್ಲಿ ಯಾವ ತುಂಡು ತಿನ್ನುತ್ತಾರೆ ಅಂತ ನನಗೆ ಗೊತ್ತೇ ಇಲ್ಲ" ಎಂದರು. ನನಗೆ ಗೊತ್ತಿತ್ತು. ಕುತ್ತಿಗೆಯದು, ಇಲ್ಲವೇ ಬರಿಯ ಎಲುಬು.

ಆದರೆ ಹೈದರಾಬಾದನ್ನು ಪೂರ್ತಿ ಹೊಗಳಿ ಬಿಡುವಂತಿಲ್ಲ. ನಾವು ಉಂಡ ನಾಲ್ಕೂ ಹೊತ್ತು ಹೋಟೆಲಿನವರು "ಏನು ಬೇಕು?" ಎಂದು ಕೇಳಿದ್ದು ಯಜಮಾನರನ್ನು. ನಾನೂ ಅತ್ತೆಯೂ ನಮಗೆ ಬೇಕಾದದ್ದನ್ನು ಅವರ ಕಿವಿಯಲ್ಲಿ ಹೇಳಬೇಕು, ಅವರು ಹುಡುಗನಿಗೆ ಹೇಳಬೇಕು. ಖುಬಾನಿ ಕಾ ಮೀಠಾ ಬೇಕೆಂದು ಅತ್ತೆ ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಡಬಲ್ ಕಾ ಮೀಠಾ ಬಂತು. ಅತ್ತೆ ಅದನ್ನೇ ತಿಂದರು.

ಬೆಂಗಳೂರು: ನಿಂತು ತಿನ್ನುವ ಊರು

ದಸರಾ ರಜೆಯಲ್ಲಿ ಮೈದುನನ ಮನೆಗೆಂದು ಬೆಂಗಳೂರಿಗೆ ಹೋದೆವು. ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲು ನಮ್ಮ ಇಬ್ರಾಹಿಂಪುರವನ್ನು ಹಾದೇ ಹೋಗುತ್ತದೆ. ಅತ್ತೆ ಕಿಟಕಿಯಿಂದ ನಮ್ಮ ಮನೆಯ ಮಾಳಿಗೆ ಕಾಣುತ್ತದೇನೋ ಎಂದು ಹುಡುಕಿದರು. ಈ ಸಲವೂ ರೊಟ್ಟಿಯ ಗಂಟು ಇತ್ತು. ಆದರೆ ಚಿಕ್ಕದು.

ಬೆಂಗಳೂರಿನ ಊಟ ಒಂದಲ್ಲ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶವನ್ನು ಕಟ್ಟಿದಂದಿನಿಂದ 1949ರಲ್ಲಿ ಎರಡೂ ನಗರಸಭೆಗಳು ಒಂದಾಗುವವರೆಗೆ ಅಲ್ಲಿ ಪೇಟೆ ಬೇರೆ, ದಂಡು ಬೇರೆ ಆಗಿದ್ದವು. ಊಟದಲ್ಲಿ ಆ ಗುರುತು ಈಗಲೂ ಇದೆ. ಬಸವನಗುಡಿ, ಜಯನಗರದ ಕಡೆ ಇಡ್ಲಿ, ದೋಸೆ, ಫಿಲ್ಟರ್ ಕಾಫಿ. ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಕಬಾಬು, ಪರೋಟ, ತುಪ್ಪದನ್ನ. 1966ರಲ್ಲಿ ಶಿವಾಜಿನಗರದಲ್ಲಿ ಸಣ್ಣದಾಗಿ ತೆರೆದ ಎಂಪೈರ್ ಹೋಟೆಲಿನ ಶಾಖೆಗಳು ಈಗ ನಗರದ ತುಂಬಾ ಇವೆ. ಶಿವಾಜಿನಗರದಲ್ಲಿ ಹಲಾಲ್ ಬಗ್ಗೆ ನಮಗೆ ಕೇಳುವ ಅಗತ್ಯ ಬೀಳಲಿಲ್ಲ. ಬೇರೆ ಬಡಾವಣೆಗಳಲ್ಲಿ ಮೈದುನ ಒಳಗೆ ಹೋಗಿ ಕೇಳಿಕೊಂಡು ಬಂದ ಮೇಲೆಯೇ ನಾವು ಇಳಿಯುತ್ತಿದ್ದೆವು.

ಬೆಂಗಳೂರಿನವರು ತಮ್ಮದೆನ್ನುವುದು ದೊನ್ನೆ ಬಿರಿಯಾನಿ. ಇದರಲ್ಲಿ ಉದ್ದಕ್ಕಿಯಿಲ್ಲ, ಸಣ್ಣನೆಯ ಜೀರಿಗೆ ಸಾಂಬಾ ಅಕ್ಕಿ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದ ಹಸಿರು ಮಸಾಲೆಯಲ್ಲಿ ಮೊದಲು ಮಾಂಸ ಬೇಯಿಸಿ, ಆ ರಸದಲ್ಲೇ ಅಕ್ಕಿ ಬೇಯಿಸುತ್ತಾರೆ. ಬಡಿಸುವುದು ದೊನ್ನೆಯಲ್ಲಿ. ಕೇಸರಿಯಿಲ್ಲ, ಹುರಿದ ಈರುಳ್ಳಿಯ ಅಲಂಕಾರವಿಲ್ಲ, ಪದರ ಪದರವಾದ ಅನ್ನವಿಲ್ಲ. ನೋಡಿದ ಕೂಡಲೇ ಅತ್ತೆ, "ಇದು ಬಿರಿಯಾನಿ ಅಲ್ಲ, ನಮ್ಮ ತಹರಿಯ ತಂಗಿ" ಎಂದರು. ನಮ್ಮ ಕಡೆ ಮದುವೆ ಮನೆಗಳಲ್ಲಿ ಮಾಡುವ ತಹರಿಯಲ್ಲೂ ಮಾಂಸ ಅಕ್ಕಿ ಒಟ್ಟಿಗೇ ಬೇಯುತ್ತವಲ್ಲ! ಘಮ ಬೇರೆ, ಖಾರ ಬೇರೆ, ಆದರೆ ಹೊಟ್ಟೆಗೆ ಹಗುರ. ಹೈದರಾಬಾದಿನ ಬಿರಿಯಾನಿ ಉಂಡರೆ ಮಧ್ಯಾಹ್ನ ಮಲಗಬೇಕು, ಬೆಂಗಳೂರಿನದು ಉಂಡು ಕೆಲಸಕ್ಕೆ ಹೋಗಬಹುದು. ಎರಡು ಊರುಗಳ ಸ್ವಭಾವವೂ ಅದೇ.

ಬೆಂಗಳೂರಿನ ಅವಸರ ಪೂರ್ತಿ ಕಾಣುವುದು ದರ್ಶಿನಿಗಳಲ್ಲಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ಈ ಪದ್ಧತಿ ಎಲ್ಲ ಬಡಾವಣೆಗಳಿಗೂ ಹರಡಿತು. ಹಣ ಕೊಟ್ಟು ಚೀಟಿ ಪಡೆ, ಕೌಂಟರಿನಲ್ಲಿ ತಟ್ಟೆ ತೆಗೆದುಕೋ, ಎತ್ತರದ ಮೇಜಿನ ಮುಂದೆ ನಿಂತು ತಿನ್ನು, ಜಾಗ ಬಿಡು. ಬಡಿಸುವವರಿಲ್ಲ, ಕುರ್ಚಿಗಳಿಲ್ಲ, ಹಾಗಾಗಿ ದರವೂ ಕಡಿಮೆ. ಮೊದಲ ದಿನ ಅತ್ತೆ ಒಳಗೆ ಕಾಲಿಡಲೇ ಇಲ್ಲ. "ನಿಂತು ತಿನ್ನೂದಾ? ಕೂತು ಉಣಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು" ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟೆ.

ಮರುದಿನ ಮೈದುನ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದೊಯ್ದ. 1943ರಿಂದ ಇರುವ ಹೋಟೆಲು. ಹೊರಗೆ ಸರದಿ ಕಾಯಬೇಕು. ಒಳಗೆ ಕುರ್ಚಿಗಳಿವೆ. ಮಾಣಿಗಳು ಒಂದೇ ತೋಳಿನ ಮೇಲೆ ಮಸಾಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ಅತ್ತೆ ದೋಸೆ ತಿನ್ನುವುದನ್ನೂ ಮರೆತು ನೋಡಿದರು. ಅಷ್ಟರಲ್ಲಿ ಒಬ್ಬರು ನೇರವಾಗಿ ಅವರನ್ನೇ ಕೇಳಿದರು: "ಅಮ್ಮಾ, ನಿಮಗೆ ಕಾಫಿನಾ, ಟೀನಾ?"

ಅತ್ತೆ ಮಗನ ಮುಖ ನೋಡಿದರು. ಮಾಣಿ ಕಾಯುತ್ತಿದ್ದರು. "ಕಾಫಿ" ಎಂದರು ಅತ್ತೆ. ನಮ್ಮ ಮನೆಯಲ್ಲಿ ಕಾಫಿ ಮಾಡುವುದಿಲ್ಲ. ಅವರಿಗೆ ಕಾಫಿ ಇಷ್ಟವೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಮದುವೆಗೆ ಮುಂಚೆ ತವರಿನಲ್ಲಿ ಒಮ್ಮೆ ಕುಡಿದಿದ್ದರಂತೆ.

ಪಕ್ಕದ ಮೇಜಿನಲ್ಲಿ ಹಿಜಾಬ್ ಧರಿಸಿದ್ದ ಇಬ್ಬರು ಹುಡುಗಿಯರು ಆಫೀಸಿನ ಚೀಲ ಪಕ್ಕಕ್ಕಿಟ್ಟು ನಗುತ್ತಾ ದೋಸೆ ತಿನ್ನುತ್ತಿದ್ದರು. ಜೊತೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅತ್ತೆ ಅವರನ್ನು ಬಹಳ ಹೊತ್ತು ಗಮನಿಸಿದರು. ಏನಾದರೂ ಟೀಕೆ ಬರುತ್ತದೆಂದು ನಾನು ಕಾದೆ. "ಪಾಪ, ಹಸಿದಿದ್ದವು" ಎಂದಷ್ಟೇ ಹೇಳಿದರು.

ಊರಿಗೆ ಹೊರಡುವ ದಿನ ಗಂಡಸರು ಹೊರಗೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಅತ್ತೆ ಬುರ್ಖಾ ತೊಟ್ಟು ಬಂದು, "ನಡಿ ಬೇಟಿ, ಆ ನಿಂತು ತಿನ್ನೋ ಹೋಟೆಲಿಗೆ ಹೋಗಿ ಬರೂಣು" ಎಂದರು. ನಾವಿಬ್ಬರೇ ಹೋದೆವು. ಅವರೇ ಸೊಂಟದ ಚೀಲದಿಂದ ನೋಟು ತೆಗೆದು ಕೌಂಟರಿಗೆ ಕೊಟ್ಟು, "ಎರಡು ಇಡ್ಲಿ, ಎರಡು ಕಾಫಿ" ಎಂದು ಚೀಟಿ ಪಡೆದರು. ಮೂಲೆಯಲ್ಲಿ ಮುದುಕರಿಗೆಂದು ಹಾಕಿದ್ದ ಒಂದು ಬೆಂಚು ಖಾಲಿ ಇತ್ತು. ಅಲ್ಲಿ ಕುಳಿತು ತಿಂದರು. ತಮ್ಮ ನಿಯಮವನ್ನೂ ಬಿಡಲಿಲ್ಲ, ಕಾಫಿಯನ್ನೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ

ಎರಡೂ ನಗರಗಳಲ್ಲಿ ನಾನು ಗಮನಿಸಿದ ಮತ್ತೊಂದು ಸಂಗತಿಯಿದೆ. ನಾವು ಹೋದ ಹೋಟೆಲುಗಳಲ್ಲಿ ಒಲೆಯ ಮುಂದೆ ಕಂಡವರೆಲ್ಲ ಗಂಡಸರು. ಬಿರಿಯಾನಿಯ ಹಂಡೆ ಮುಗುಚುವವರು, ದೋಸೆ ಹೊಯ್ಯುವವರು, ಚಹಾ ಕಾಯಿಸುವವರು ಎಲ್ಲರೂ. ಅವರಿಗೆ ಸಂಬಳವಿದೆ, ಮಾಸ್ಟರ್ ಎಂಬ ಹೆಸರಿದೆ, ವಾರದ ರಜೆಯೂ ಇರಬಹುದು. ಅಂದರೆ ಗಂಡಸರಿಗೆ ಅಡುಗೆ ಬರುವುದಿಲ್ಲ, ಬಡಿಸಲು ಬರುವುದಿಲ್ಲ ಎಂಬ ಮಾತು ಮನೆಯ ಹೊಸ್ತಿಲಿನ ಒಳಗೆ ಮಾತ್ರ ನಿಜ!

ಊರಿಗೆ ಬಂದ ಮೇಲೆ ಯಜಮಾನರು, "ಇನ್ನು ಶುಕ್ರವಾರ ಎಲ್ಲರೂ ಒಟ್ಟಿಗೆ ಉಣ್ಣೋಣ" ಎಂದರು. ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ಶುಕ್ರವಾರ ರೊಟ್ಟಿ ಇತ್ತು. ಬಿಸಿ ರೊಟ್ಟಿ ಬೇಕೆಂದರೆ ಒಬ್ಬರು ಒಲೆಯ ಮುಂದೆ ಇರಲೇಬೇಕು. ಅತ್ತೆ ಎದ್ದರು, ಅವರನ್ನು ಕೂರಿಸಿ ನಾನು ಎದ್ದೆ, ನನ್ನನ್ನು ನೋಡಿ ಹತ್ತು ವರ್ಷದ ಮಗಳು ಎದ್ದಳು. ಮಗ ಮಾತ್ರ ಏಳಲಿಲ್ಲ. ಅವನು ಕೆಟ್ಟ ಹುಡುಗನಲ್ಲ. ಏಳಬೇಕೆಂದು ನಾವು ಕಲಿಸಿರಲಿಲ್ಲ, ಅಷ್ಟೇ. ಮಗಳಿಗೆ ಯಾರೂ ಕಲಿಸದೆಯೇ ಬಂದಿತ್ತು. ಅಂದು ನನಗೆ ಊಟ ಸೇರಲಿಲ್ಲ.

ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಒಬ್ಬ ತಾಯಿ ಇದ್ದಾರೆ. ಅವರಿಂದ ತರಿಸೋಣವೇ ಎಂದು ಯೋಚಿಸಿದೆವು. ಅತ್ತೆ ಕೇಳಿದರು: "ಆಕೀ ಯಾವಾಗ ಉಣತಾಳ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಶುಕ್ರವಾರ ತಹರಿ ಎಂದು ತೀರ್ಮಾನವಾಯಿತು. ಪಾತ್ರೆಯನ್ನು ತಂದು ದಸ್ತರ್‌ಖಾನಿನ ನಡುವೆ ಇಟ್ಟರೆ ಯಾರೂ ಏಳಬೇಕಿಲ್ಲ. ಬಡಿಸುವುದು ಮಗನ ಪಾಲಿಗೆ ಬಂತು. ಮೊದಲ ವಾರ ಅರ್ಧ ಅನ್ನ ಚೆಲ್ಲಿದ. ಅತ್ತೆ, "ಬಿಡು, ನಾ ಹಾಕತೀನಿ" ಎಂದು ಕೈ ಚಾಚಿದರು. ಯಜಮಾನರು ಚಮಚವನ್ನು ಮಗನ ಕಡೆಗೇ ಸರಿಸಿ, "ಅಮ್ಮಾ, ನೀವು ಕೂತ್ಕೊಳ್ಳಿ, ಅವನು ಹಾಕ್ತಾನೆ" ಎಂದರು. ಹೈದರಾಬಾದಿನ ಆ ಹುಡುಗನ ಮಾತು ನಮ್ಮ ಮನೆಗೆ ಹೀಗೆ ಬಂತು.

ಉಳಿದ ಆರು ದಿನ ಹಿಂದಿನಂತೆಯೇ ಇದೆ, ಸುಳ್ಳು ಹೇಳುವುದಿಲ್ಲ. ರೊಟ್ಟಿಯ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಆದರೆ ಈಗ ಅತ್ತೆಯೂ ನಾನೂ ಸರದಿಯಂತೆ ಬಡಿಯುತ್ತೇವೆ. ನಾನು ಬಡಿಯುವ ದಿನ ಅವರಿಗೆ ಬಿಸಿ, ಅವರು ಬಡಿಯುವ ದಿನ ನನಗೆ. ಮನೆಗೆ ಕಾಫಿ ಪುಡಿಯೂ ಬಂದಿದೆ.

ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಪಾಲಿಗೆ ಯಾವ ತುಂಡು ಬರುತ್ತದೆ? ಇಂದು ರಾತ್ರಿ ಒಮ್ಮೆ ಗಮನಿಸಿ ನೋಡಿ.

ಮೊನ್ನೆ ಓಣಿಯ ಹೆಂಗಸರು ಅದೇ ಪ್ರಶ್ನೆಯನ್ನು ಅತ್ತೆಗೇ ಕೇಳಿದರು. ಹೈದರಾಬಾದಿನ ಬಿರಿಯಾನಿಯೋ, ಬೆಂಗಳೂರಿನದೋ? ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

"ರುಚಿ ನಮ್ಮ ಮನೀದ ಛಲೋ. ಆದ್ರ ಅಲ್ಲಿ ಬಿಸಿ ಇತ್ತು."